ಕೊಂಬೆಗೆ ಕೊಂಬೆ ತಾಗಿರಬೇಕು

ಉತ್ತರ ಕನ್ನಡದ ನಮ್ಮ ಸಿದ್ದಾಪುರದ ಕಡೆ ಮಂಗನ ಮಾತು ಎತ್ತಿದರೆ ಯಾರಿಗೂ ಪ್ರೀತಿ ಉಕ್ಕುವುದಿಲ್ಲ. ಎಳೆ ಅಡಕೆ ಚೀಪಿ ಉದುರಿಸುತ್ತವೆ. ಬಾಳೆಗೊನೆ ಮುರಿಯುತ್ತವೆ. ಹಂಚು ಸರಿಸಿ ಅಡುಗೆಮನೆಗೇ ಇಳಿಯುತ್ತವೆ. ವರ್ಷವಿಡೀ ಕವಣೆ, ಪಟಾಕಿ, ನಾಯಿ ಇಟ್ಟುಕೊಂಡು ತೋಟ ಕಾಯಬೇಕು. ಅದರ ಮೇಲೆ ಮಂಗನ ಕಾಯಿಲೆಯ ಭಯ ಬೇರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಆ ಕಾಯಿಲೆಗೆ ಇವತ್ತಿಗೂ ನಮ್ಮ ಊರುಗಳಲ್ಲಿ ಜನ ಸಾಯುತ್ತಾರೆ. ಹೀಗಿರುವಾಗ ಯಾರಾದರೂ ಬಂದು ಮಂಗ ಉಳಿಸಿ ಎಂದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟನ್ನು ನಾನು ತಪ್ಪು ಅನ್ನುವುದಿಲ್ಲ.

ಆದರೆ ಅದೇ ಸಿಟ್ಟಿನ ನಡುವೆ ಸಿಂಗಳೀಕ ಎಂಬ ಕಪ್ಪು ಮಂಗ ಮರೆತುಹೋಗುತ್ತದೆ. ತೋಟಕ್ಕೆ ನುಗ್ಗುವ ಮಂಗ ಬೇರೆ, ಇದು ಬೇರೆ. ಸಿಂಗಳೀಕ ನಮ್ಮ ಅಡಕೆ ಮುಟ್ಟುವುದು ಅಪರೂಪ. ನಮ್ಮ ಕಡೆ ಮನೆಯ ಹತ್ತಿರ ಬರುವುದೂ ಅಪರೂಪ. ದಟ್ಟ ಕಾಡಿನ ಎತ್ತರದ ಮರಗಳ ಮೇಲೆ ತನ್ನ ಪಾಡಿಗೆ ಹಣ್ಣು, ಹುಳ ತಿಂದುಕೊಂಡು ಇರುತ್ತದೆ. ಮನುಷ್ಯರನ್ನು ಕಂಡರೆ ಹಲ್ಲು ಕಿರಿದು ಮೈಮೇಲೆ ಬರುವುದಿಲ್ಲ, ಎಲೆಯ ಮರೆಗೆ ಸರಿಯುತ್ತದೆ. ಇಷ್ಟು ಸಾಧು ಪ್ರಾಣಿಯಾದ್ದರಿಂದಲೇ ಅದರ ಕಷ್ಟ ಯಾರಿಗೂ ಕಾಣುವುದಿಲ್ಲ ಅಂತ ನನಗೆ ಅನಿಸುತ್ತದೆ. ತೊಂದರೆ ಕೊಡುವ ಮಂಗನ ಬಗ್ಗೆ ಗ್ರಾಮಸಭೆಯಲ್ಲಿ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ತೊಂದರೆ ಕೊಡದ್ದರ ಹೆಸರೇ ಬರುವುದಿಲ್ಲ.

ನೋಡದವರಿಗೆ ಹೇಳುತ್ತೇನೆ. ಮೈಯೆಲ್ಲ ಹೊಳೆಯುವ ಕಪ್ಪು. ಮುಖದ ಸುತ್ತ ಬೂದುಬಿಳಿ ಕೇಸರ. ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಸಣ್ಣ ಕುಚ್ಚು. ಗಂಡು ಸ್ವಲ್ಪ ದೊಡ್ಡದು, ಹೆಣ್ಣು ಚಿಕ್ಕದು. ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇದು ಕಾಡಿನಲ್ಲಿ ಇಲ್ಲ. ಒಟ್ಟು ಸಂಖ್ಯೆ 4,000ದ ಆಸುಪಾಸು ಎನ್ನುತ್ತಾರೆ. ಅದರಲ್ಲಿ ಬೆಳೆದು ಮರಿ ಹಾಕುವ ವಯಸ್ಸಿನವು 2,500ಕ್ಕಿಂತ ಕಡಿಮೆ. ಅಳಿವಿನ ಅಂಚಿನ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿ ಇದರ ಹೆಸರಿದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅಂದರೆ ಕಾನೂನಿನ ಪ್ರಕಾರ ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ.

ಸಿಂಗಳೀಕದ ಗುಂಪೊಂದನ್ನು ನೋಡುತ್ತ ಕುಳಿತರೆ ಅದರ ಸ್ವಭಾವ ತಿಳಿಯುತ್ತದೆ. ಹದಿನೈದು ಇಪ್ಪತ್ತರ ಗುಂಪು. ಸಾಮಾನ್ಯವಾಗಿ ಒಂದೇ ದೊಡ್ಡ ಗಂಡು, ಕೆಲವು ಗುಂಪಿನಲ್ಲಿ ಎರಡೋ ಮೂರೋ. ಉಳಿದವೆಲ್ಲ ಹೆಣ್ಣು, ಮರಿ. ಮರದಿಂದ ಮರಕ್ಕೆ ಹರಡಿಕೊಂಡು ಮೇಯುತ್ತವೆ. ನಮ್ಮ ಕೆಂಪು ಮಂಗಗಳ ಹಾಗೆ ಕಿರಿಚಾಟ, ಕಚ್ಚಾಟ ಜಾಸ್ತಿ ಇರುವುದಿಲ್ಲ. ಒಂದು ತೊಗಟೆ ಕಿತ್ತು ಅದರಡಿಯ ಹುಳ ಹುಡುಕುತ್ತಿರುತ್ತದೆ, ಇನ್ನೊಂದು ಕೆನ್ನೆಚೀಲದ ತುಂಬ ಹಣ್ಣು ತುಂಬಿಕೊಂಡು ಕೂತಿರುತ್ತದೆ. ಆಗಾಗ ಗಂಡು ದೂರಕ್ಕೆ ಕೇಳುವಂತೆ ಕೂಗು ಹಾಕುತ್ತದೆ. ನಾವು ಇಲ್ಲಿದ್ದೇವೆ ಅಂತ ಪಕ್ಕದ ಗುಂಪಿಗೆ ತಿಳಿಸುವುದಕ್ಕೆ. ಬಹುಮಟ್ಟಿಗೆ ಈ ಕೂಗಿನಲ್ಲೇ ಗಡಿ ತೀರ್ಮಾನ ಆಗುತ್ತದೆ. ಒಂದು ಗುಂಪು ಈ ಕಡೆ, ಇನ್ನೊಂದು ಆ ಕಡೆ ಸರಿದುಕೊಳ್ಳುತ್ತದೆ. ಕಾಡು ಸಾಕಷ್ಟು ದೊಡ್ಡದಿದ್ದರೆ ಜಗಳದ ಅಗತ್ಯವೇ ಬೀಳುವುದಿಲ್ಲ.

ಇಂಥ ಬದುಕಿಗೆ ಒಂದು ಷರತ್ತಿದೆ. ಕಾಡಿನ ಮಾಡು ಹರಿದಿರಬಾರದು. ಸಿಂಗಳೀಕ ಹುಟ್ಟುವುದು, ತಿನ್ನುವುದು, ಮಲಗುವುದು, ಸಾಯುವುದು ಎಲ್ಲ ಮೇಲೆಯೇ. ನೆಲಕ್ಕೆ ಇಳಿಯುವುದು ಅದಕ್ಕೆ ಅಭ್ಯಾಸ ಇಲ್ಲ. ಹಾಗಾಗಿ ಒಂದು ಮರದ ಕೊಂಬೆ ಪಕ್ಕದ ಮರದ ಕೊಂಬೆಗೆ ತಾಗಿರಬೇಕು, ಅಥವಾ ಹಾರಿದರೆ ಸಿಗುವಷ್ಟು ಹತ್ತಿರ ಇರಬೇಕು. ನಡುವೆ ಅಗಲವಾದ ರಸ್ತೆ, ಕರೆಂಟ್ ಲೈನಿನ ಜಾಗ, ಬೋಳು ಗುಡ್ಡ, ಹಿನ್ನೀರು ಏನು ಬಂದರೂ ಆ ಗುಂಪಿನ ಪ್ರಪಂಚ ಅಲ್ಲಿಗೇ ಮುಗಿಯಿತು. ನಮಗೆ ನಾಲ್ಕು ಹೆಜ್ಜೆಯ ಜಾಗ ಅದಕ್ಕೆ ದಾಟಲಾಗದ ಹೊಳೆ.

ಇನ್ನೊಂದು ಸಂಗತಿ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ. ಗಂಡುಗಳು ದೊಡ್ಡದಾದ ಮೇಲೆ ಗುಂಪು ಬಿಟ್ಟು ಬೇರೆ ಗುಂಪು ಹುಡುಕಿಕೊಂಡು ಹೋಗುತ್ತವೆ. ಹೊಸ ರಕ್ತ ಸೇರುವುದು ಹೀಗೆ. ಕಾಡು ತುಂಡಾದರೆ ಗಂಡಿಗೆ ದಾರಿಯೇ ಇಲ್ಲ. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಆರು ವರ್ಷ ದಾಟಿರುತ್ತದೆ. ಆಮೇಲೂ ಎರಡು ಮರಿಗಳ ನಡುವೆ ಎರಡೂವರೆ ಮೂರು ವರ್ಷದ ಅಂತರ. ಒಂದು ಸಲಕ್ಕೆ ಒಂದೇ ಮರಿ. ನಾಲ್ಕೈದು ಹೆಣ್ಣುಗಳ ಗುಂಪಿನಲ್ಲಿ ಎರಡು ಸತ್ತರೆ ಆ ನಷ್ಟ ತುಂಬಲು ಎಷ್ಟು ವರ್ಷ ಬೇಕು ನೀವೇ ಲೆಕ್ಕ ಹಾಕಿ.

ಹಿಂದೆ ವಿಜ್ಞಾನಿಗಳ ಗಮನವೆಲ್ಲ ಕೇರಳ, ತಮಿಳುನಾಡಿನ ಕಾಡುಗಳ ಮೇಲಿತ್ತು. ಸಿಂಗಳೀಕ ಅಂದರೆ ಸೈಲೆಂಟ್ ವ್ಯಾಲಿ, ಆನಮಲೈ ಅಂತಲೇ ಮಾತು. ಆ ಕಡೆ ಅವುಗಳ ಮುಖ್ಯ ಆಹಾರ ಕಲೇನಿಯಾ ಎಂಬ ಮುಳ್ಳುಹಣ್ಣಿನ ಮರ. ಶರಾವತಿ ಕಣಿವೆಯಲ್ಲಿ ಆ ಮರವೇ ಇಲ್ಲ. ಆದರೂ 2000ದ ನಂತರದ ಸಮೀಕ್ಷೆಗಳಲ್ಲಿ ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟದ ಕಾಡುಗಳಲ್ಲಿ 32 ಗುಂಪು, 600ಕ್ಕೂ ಹೆಚ್ಚು ಸಿಂಗಳೀಕ ಸಿಕ್ಕವು. ಎಚ್. ಎನ್. ಕುಮಾರ, ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕರ್ನಾಟಕದ ಕಾಡು ಸುತ್ತಿದ್ದರಿಂದ ಈ ಚಿತ್ರ ಸ್ಪಷ್ಟವಾಯಿತು. ಆಗಿನ್ನೂ ರಕ್ಷಿತ ಅಭಯಾರಣ್ಯದ ಹೊರಗಿದ್ದ, ಜನ ಓಡಾಡುವ, ಕೃಷಿ ಮಾಡುವ ಕಾಡಿನಲ್ಲಿ ಇಷ್ಟು ದೊಡ್ಡ ಸಂಖ್ಯೆ ಒಟ್ಟಿಗೆ ಉಳಿದಿರುವುದು ಬಹಳ ವಿಶೇಷ. ಸಿಂಗಳೀಕದ ನೆಲೆಯ ಉತ್ತರದ ತುದಿಯೂ ಇದೇ. ಇಲ್ಲಿಂದ ಆಚೆ ಅದಕ್ಕೆ ಹೋಗಲು ಜಾಗವಿಲ್ಲ.

ಇಲ್ಲಿ ಯಾಕೆ ಉಳಿದವು? ಬೇಟೆ ಕಡಿಮೆ ಇದ್ದದ್ದು ಒಂದು ಕಾರಣ. ಕೊಡಗಿನ ಕೆಲವು ಕಾಡುಗಳಲ್ಲಿ ಮರ ಇನ್ನೂ ನಿಂತಿವೆ, ಆದರೆ ಬೇಟೆಯಿಂದ ಸಿಂಗಳೀಕ ತೀರಾ ವಿರಳವಾಗಿದೆ. ನಮ್ಮ ಕಡೆ ಹನುಮಂತನ ಮೇಲಿನ ಭಕ್ತಿಯೋ, ರೂಢಿಯೋ, ಮಂಗನ ಮಾಂಸ ತಿನ್ನುವವರು ಕಡಿಮೆ. ಎರಡನೆಯ ಕಾರಣ ಕಾನು. ಊರವರು ತಲೆತಲಾಂತರದಿಂದ ಕಡಿಯದೆ ಬಿಟ್ಟ ಹಸಿರು ಕಾಡುಗಳು. ಅಲ್ಲೊಂದು ಭೂತಪ್ಪ, ಇಲ್ಲೊಂದು ಚೌಡಮ್ಮ. ದೇವರ ಹೆಸರಿನಲ್ಲಿ ನೀರಿನ ಮೂಲವನ್ನೇ ಕಾಯ್ದಿಟ್ಟಿದ್ದರು. ಮೂರನೆಯದು ಅಘನಾಶಿನಿ. ದೊಡ್ಡ ಅಣೆಕಟ್ಟು ಕಾಣದೆ ಹರಿಯುತ್ತಿರುವ ಹೊಳೆ. ಉಂಚಳ್ಳಿಯಲ್ಲಿ ಅದು ಧುಮುಕುವ ಕೊಳ್ಳದ ಎರಡೂ ಬದಿಗೆ ಮರಗಳು ಇನ್ನೂ ಒತ್ತೊತ್ತಾಗಿ ನಿಂತಿವೆ.

ಕತ್ತಲೆಕಾನಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಾವಿನಗುಂಡಿಯಿಂದ ಗೇರುಸೊಪ್ಪೆ ಕಡೆಗೆ ಇಳಿಯುವ ದಾರಿಯಲ್ಲಿ ಸಿಗುವ ಕಾಡು ಅದು. ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ಮಬ್ಬು. ತೊರೆಗಳ ಪಕ್ಕದ ತಗ್ಗಿನಲ್ಲಿ ರಾಂಪತ್ರೆ ಜಡ್ಡಿಗಳಿವೆ. ಕಾಡುಜಾಯಿಕಾಯಿ ಜಾತಿಯ ಮರಗಳು ಸದಾ ನೀರು ನಿಲ್ಲುವ ಕೆಸರಿನಲ್ಲಿ ಬೆಳೆಯುತ್ತವೆ. ಬೇರಿಗೆ ಉಸಿರಾಡಲು ಗಾಳಿ ಬೇಕಲ್ಲ, ಅದಕ್ಕೆ ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗೆ ಇಳಿಯುತ್ತವೆ. ಕೋಟ್ಯಂತರ ವರ್ಷ ಹಳೆಯ ಸಸ್ಯಕುಟುಂಬ ಇದು. ಬೇಸಿಗೆಯಲ್ಲಿ ಸುತ್ತಲಿನ ಬಾವಿ ಆರಿದರೂ ಜಡ್ಡಿಯ ತೊರೆಯಲ್ಲಿ ನೀರಿರುತ್ತದೆ. ಇಲ್ಲಿ ಮಾತ್ರ ಎಂಬಂತೆ ಸಿಕ್ಕ ಒಂದು ಮರಕ್ಕೆ ಕತ್ತಲೆಕಾನಿನ ಹೆಸರನ್ನೇ ಸೇರಿಸಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು 2000ದಲ್ಲಿ ಹೆಸರಿಟ್ಟರು. ಸಿಂಗಳೀಕಕ್ಕೆ ಈ ಕಾಡು ಅಂದರೆ ಬರಗಾಲದ ಕಣಜ. ಬೇರೆ ಕಡೆ ಹಣ್ಣು ಮುಗಿದಾಗಲೂ ಇಲ್ಲಿ ಏನಾದರೂ ಸಿಗುತ್ತದೆ. ರಾಂಪತ್ರೆ, ರಕ್ತಮರ, ಬೈನೆ, ಹೆಬ್ಬಲಸು, ನೇರಳೆ, ಬಗೆಬಗೆಯ ಅತ್ತಿ. ಅದು ತಿಂದು ಬಿಸಾಡಿದ ಬೀಜದಿಂದಲೇ ಎಷ್ಟೋ ಮರ ಮತ್ತೆ ಹುಟ್ಟುತ್ತವೆ.

ಇದೇ ಕಾಡಿನ ನಡುವೆ ಹೊನ್ನಾವರ ಹೆದ್ದಾರಿ ಹೋಗಿದೆ.

ಈಗ ಉಪ್ಪಾಗೆ. ನಮ್ಮ ಕಾಡಿನ ಬದುಕು, ನಮ್ಮ ಬದುಕು ಎರಡೂ ತಾಗುವುದು ಈ ಒಂದು ಮರದಲ್ಲಿ. ಮಳೆಗಾಲದಲ್ಲಿ ಹಣ್ಣಾಗುತ್ತದೆ, ಕುಂಬಳಕಾಯಿಯ ಹಾಗೆ ಏಣೇಣಾಗಿ, ಹಳದಿ ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ಸಿಪ್ಪೆ ಒಣಗಿಸಿದರೆ ಹುಳಿ. ಕೊಡಗಿನ ಕಾಚಂಪುಳಿ ಇದೇ ಹಣ್ಣಿನ ರಸ. ನಮ್ಮಲ್ಲಿ ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಿದ್ದರು. ಅಜ್ಜಿ ಅದರಲ್ಲಿ ದೋಸೆ ಹುಯ್ಯುತ್ತಿದ್ದಳು. ಹಿಮ್ಮಡಿ ಒಡೆದರೆ ಅದನ್ನೇ ಸವರುತ್ತಿದ್ದಳು. ಅಲ್ಲಿಯವರೆಗೆ ಮನೆಬಳಕೆಗಷ್ಟೇ ಇದ್ದ ಹಣ್ಣಿಗೆ 1990ರ ದಶಕದಲ್ಲಿ ಏಕಾಏಕಿ ಬೆಲೆ ಬಂತು. ಸಿಪ್ಪೆಯಲ್ಲಿರುವ ಒಂದು ಆಮ್ಲ ಬೊಜ್ಜು ಕರಗಿಸುತ್ತದೆ ಅಂತ ಅಮೆರಿಕದಲ್ಲಿ, ಯುರೋಪಿನಲ್ಲಿ ಮಾತ್ರೆ ಮಾರಲು ಶುರುಮಾಡಿದರು. ಎಲ್ಲೋ ಇರುವವರ ಹೊಟ್ಟೆ ಕರಗಿಸಲು ನಮ್ಮ ಘಟ್ಟದ ಉಪ್ಪಾಗೆ ಲಾರಿ ಏರಿತು.

ಬಡವರಿಗೆ ಇದರಿಂದ ನಾಲ್ಕು ಕಾಸು ಆಯಿತು. ಅದನ್ನು ಯಾರೂ ಹಳಿಯಬಾರದು. ಕೂಲಿಯಿಲ್ಲದ ಮಳೆಗಾಲದಲ್ಲಿ ಒಂದು ಮನೆಯ ಮಕ್ಕಳ ಪಟ್ಟಿ ಪುಸ್ತಕ, ಕೊಡೆ, ಅಕ್ಕಿ ಎಲ್ಲ ಉಪ್ಪಾಗೆಯಿಂದಲೇ ಬಂದದ್ದನ್ನು ನಾನು ಕಂಡಿದ್ದೇನೆ. ತೊಂದರೆ ಶುರುವಾಗಿದ್ದು ಕಾಡಿನ ಮರ ಯಾರದ್ದೂ ಅಲ್ಲ ಎನ್ನುವ ಪರಿಸ್ಥಿತಿಯಿಂದ. ಯಾರು ಮೊದಲು ಹೋಗುತ್ತಾರೋ ಅವರದ್ದು. ಹಣ್ಣಾಗುವವರೆಗೆ ಕಾದರೆ ಕೈಗೆ ಏನೂ ಸಿಗುವುದಿಲ್ಲ. ಹಾಗಾಗಿ ಕಾಯಿ ಇರುವಾಗಲೇ ಕೊಯ್ಲು. ಎತ್ತರದ ಮರ ಹತ್ತಲು ಕಷ್ಟವಾದರೆ ಕೊಂಬೆಯನ್ನೇ ಕಡಿದು ಕೆಳಗೆ ಬೀಳಿಸುವುದು.

ನಮ್ಮ ಮನೆಯ ಹತ್ತಿರ ಒಬ್ಬ ಹಿರಿಯರಿದ್ದಾರೆ, ಜೀವಮಾನವಿಡೀ ಉಪ್ಪಾಗೆ ಕೊಯ್ದವರು. ಹಣ್ಣಾಗುವ ತನಕ ಬಿಡಬಾರದಾ ಅಂತ ಒಮ್ಮೆ ಕೇಳಿದ್ದೆ.

"ಬಿಡ್ಲಕ್ಕು ತಂಗೀ," ಅಂದರು. "ನಾ ಒಬ್ಬವ ಬಿಟ್ರೆ ಏನಾತು? ನಾಳೆ ಮತ್ತೊಬ್ಬರು ಬಂದು ಕೊಯ್ಕಂಡು ಹೋಗ್ತಾರೆ. ಎಲ್ಲರೂ ಬಿಟ್ರೆ ನಾನೂ ಬಿಡ್ತೆ."

"ಸಿಂಗಳೀಕಕ್ಕೆ ಏನೂ ಉಳಿಯೂದಿಲ್ಲ ಅಲ್ವಾ ಅಜ್ಜಾ?"

"ಮೊದಲೆಲ್ಲ ಮೇಲಿನ ಟೊಂಗೆ ಅದಕ್ಕೆ, ಕೆಳಗಿಂದು ನಮಗೆ. ಈಗ ಮೇಲಿಂದನ್ನೂ ನಾವೇ ತೆಗೀತ್ರು."

ಅವರ ಮಾತಿನಲ್ಲಿ ಇಡೀ ಸಮಸ್ಯೆಯೂ ಇದೆ, ಪರಿಹಾರವೂ ಇದೆ. ಎಲ್ಲರೂ ಒಪ್ಪಿ ಒಂದು ದಿನ ನಿಗದಿ ಮಾಡಿ, ಅದಕ್ಕಿಂತ ಮೊದಲು ಯಾರೂ ಕೊಯ್ಯಬಾರದು ಎಂದರೆ ಆಗುತ್ತದೆ. ಗ್ರಾಮ ಅರಣ್ಯ ಸಮಿತಿಗಳು ಗಟ್ಟಿಯಾಗಿರುವ ಕಡೆ ಇಂಥ ಕಟ್ಟುಪಾಡು ಸಾಧ್ಯ. ಇಂತಿಂಥ ಮನೆಗೆ ಇಂತಿಂಥ ಮರ ಅಂತ ಹಂಚಿಕೊಂಡರೆ ಆ ಮರದ ಕೊಂಬೆಯನ್ನು ಯಾರೂ ಕಡಿಯುವುದಿಲ್ಲ, ಮುಂದಿನ ವರ್ಷ ತನಗೇ ಬೇಕಲ್ಲ.

ಸೌದೆಯ ವಿಷಯ ಇನ್ನೊಂದು. ಸುರಿಯುವ ಮಳೆಯಲ್ಲಿ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಲು ಆಗುವುದಿಲ್ಲ. ಅಟ್ಟದ ಮೇಲೆ ಹರಡಿ ಕೆಳಗೆ ಹಗಲು ರಾತ್ರಿ ಬೆಂಕಿ ಹಾಕಬೇಕು. ಒಂದು ಚೀಲ ಒಣ ಸಿಪ್ಪೆಗೆ ಬೇಕಾಗುವ ಸೌದೆಯ ರಾಶಿ ನೋಡಿದರೆ ಗಾಬರಿಯಾಗುತ್ತದೆ. ಆ ಸೌದೆಯೂ ಅದೇ ಕಾಡಿನದ್ದು. ಕಡಿಮೆ ಸೌದೆಯಲ್ಲಿ ಒಣಗಿಸುವ ಒಲೆಗಳು ಬಂದಿವೆ, ಕೆಲವು ಊರುಗಳಿಗೆ ತಲುಪಿವೆ. ಎಲ್ಲ ಕೊಯ್ಲುಗಾರರ ಮನೆಗೂ ತಲುಪಬೇಕು. ಉಪ್ಪಾಗೆಯ ಕಸಿ ಗಿಡಗಳೂ ನಮ್ಮ ಕಡೆ ಸಿಗುತ್ತವೆ. ತೋಟದ ಅಂಚಿನಲ್ಲಿ, ಹುಲ್ಲು ಬೆಳೆಯುವ ಬೇಣದಲ್ಲಿ ನೆಟ್ಟರೆ ಗಿಡ್ಡದಾಗಿ ಬೆಳೆದು ಕೈಗೆಟುಕುವಂತೆ ಕಾಯಿ ಬಿಡುತ್ತವೆ. ಹೊಟ್ಟೆಪಾಡಿನ ಉಪ್ಪಾಗೆ ತೋಟದ ಅಂಚಿಗೆ ಬಂದಷ್ಟೂ ಕಾಡಿನ ಉಪ್ಪಾಗೆ ಸಿಂಗಳೀಕಕ್ಕೆ ಉಳಿಯುತ್ತದೆ.

ಸೊಪ್ಪಿನ ಬೆಟ್ಟದ ಮಾತೂ ಬರಬೇಕು, ಯಾಕೆಂದರೆ ಅಡಕೆ ಬೆಳೆಗಾರರ ಮನೆಯವಳಾಗಿ ಅದನ್ನು ಬಿಟ್ಟು ಬರೆದರೆ ನ್ಯಾಯವಲ್ಲ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ, ಅಂದರೆ ಸೊಪ್ಪಿಗೆಂದು ಬಿಟ್ಟ ಕಾಡಿನ, ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು ಕಡಿದು ತೋಟಕ್ಕೆ ಹಾಕುತ್ತೇವೆ. ಚೆನ್ನಾಗಿ ಕಾಯ್ದುಕೊಂಡ ಬೆಟ್ಟಗಳಿವೆ. ವರ್ಷಾವರ್ಷ ತುದಿಯವರೆಗೂ ಸವರಿ ಸವರಿ ಬರೀ ಕಂಬಗಳಂತೆ ಮರ ನಿಂತಿರುವ ಬೆಟ್ಟಗಳೂ ಇವೆ. ಎರಡು ಕಾನುಗಳ ನಡುವೆ ಇಂಥ ಬೋಳು ಬೆಟ್ಟ ಇದ್ದರೆ ಸಿಂಗಳೀಕ ದಾಟಲಾರದು. ಹತ್ತಾರು ಮನೆಯವರು ಕೂತು ಮಾತಾಡಿ, ಬೆಟ್ಟದ ಒಂದು ಪಟ್ಟಿಯಲ್ಲಿ ಸೊಪ್ಪು ಕಡಿಯುವುದನ್ನು ನಿಲ್ಲಿಸಿದರೂ ಹತ್ತು ಹದಿನೈದು ವರ್ಷಗಳಲ್ಲಿ ಕೊಂಬೆಗಳು ಕೂಡಿಕೊಳ್ಳುತ್ತವೆ. ಇದಕ್ಕೆ ಸರಕಾರದ ಹಣ ಬೇಕಾಗಿಲ್ಲ.

2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಸುಮಾರು 300 ಚದರ ಕಿಲೋಮೀಟರ್. ಸಂರಕ್ಷಿತ ಪ್ರದೇಶ ಅಂದರೆ ಅಭಯಾರಣ್ಯ ಅಲ್ಲ. ಜನರ ಹಕ್ಕು, ಬೆಟ್ಟ, ಕಾಡಿನ ಕಿರುಉತ್ಪನ್ನ ಎಲ್ಲ ಇದ್ದ ಹಾಗೆ ಉಳಿಯುತ್ತವೆ. ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯವರೂ ಇರುತ್ತಾರೆ. ಕಾಡನ್ನು ಅಲ್ಲಿಯವರೆಗೆ ಉಳಿಸಿಕೊಂಡು ಬಂದವರನ್ನು ಜೊತೆಗಿಟ್ಟುಕೊಂಡು ಮಾಡಿದ ಆ ಕ್ರಮ ನನಗೆ ತುಂಬ ಸರಿ ಅನಿಸಿತ್ತು. 2019ರಲ್ಲಿ ಅದನ್ನೂ, ಹಳೆಯ ಶರಾವತಿ ಅಭಯಾರಣ್ಯವನ್ನೂ, ಇನ್ನಷ್ಟು ಕಾಡನ್ನೂ ಸೇರಿಸಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಕಾಡಿಗೆ ಕಾನೂನಿನ ಬಲ ಬಂತು. ಊರುಗಳಿಗೆ ಭಯವೂ ಬಂತು. ಲಿಂಗನಮಕ್ಕಿಗೆ ಮನೆ ಕಳೆದುಕೊಂಡವರ ಮೊಮ್ಮಕ್ಕಳು ಇಲ್ಲಿದ್ದಾರೆ. 1964ರಲ್ಲಿ ಮುಗಿದ ಆ ಅಣೆಕಟ್ಟಿನ ಗಾಯ ಇನ್ನೂ ಮಾಸಿಲ್ಲ. ಅಭಯಾರಣ್ಯ ಅಂದ ಕೂಡಲೇ ಅವರ ಕಿವಿಗೆ ಎಬ್ಬಿಸುತ್ತಾರೆ ಅಂತಲೇ ಕೇಳುತ್ತದೆ. ಯಾರನ್ನೂ ಎಬ್ಬಿಸುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬರಹದಲ್ಲಿ, ಊರೂರಿಗೆ ಹೋಗಿ, ಕನ್ನಡದಲ್ಲಿ ತಿಳಿಸಬೇಕು. ಜನ ಕಾಡಿನ ವಿರುದ್ಧ ನಿಂತರೆ ಯಾವ ಗಾರ್ಡ್ ಕೂಡ ಕಾಡು ಕಾಯಲಾರ.

ಈ ಎಲ್ಲದರ ನಡುವೆ ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ಕರೆಂಟ್ ಜಾಸ್ತಿ ಇರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಉತ್ಪಾದಿಸುವುದು. ಎತ್ತಲು ಖರ್ಚಾಗುವಷ್ಟು ಕರೆಂಟು ಮರಳಿ ಸಿಗುವುದಿಲ್ಲ, ಆದರೆ ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಕೂಡಿಡುವ ದಾರಿ ಇದು. ಸೌರಶಕ್ತಿ ಹೆಚ್ಚಿದ ಕಾಲದಲ್ಲಿ ಹೀಗೆ ಕೂಡಿಡುವ ವ್ಯವಸ್ಥೆ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಜಾಗದ ಬಗ್ಗೆ. ಯೋಜನೆ ಇರುವುದು ಸಿಂಗಳೀಕದ ಹೆಸರಿನಲ್ಲೇ ಘೋಷಿಸಿದ ಅಭಯಾರಣ್ಯದ ಒಳಗೆ.

ಯೋಜನೆಯ ಪರವಾಗಿ ಪದೇಪದೇ ಕೇಳಿಬರುವ ಮಾತು, ಹೋಗುವುದು ಬರೀ 50 ಚಿಲ್ಲರೆ ಹೆಕ್ಟೇರ್ ಕಾಡು, ಹೆಚ್ಚಿನ ಕೆಲಸವೆಲ್ಲ ಸುರಂಗದಲ್ಲಿ. 930 ಚದರ ಕಿಲೋಮೀಟರಿನಲ್ಲಿ ಇದು ಎಷ್ಟರ ಮಾತು ಅಂತ ಕೇಳಿದವರಿಗೆ ಹೌದಲ್ಲ ಅನಿಸಬಹುದು. ಆದರೆ ಸಿಂಗಳೀಕದ ಬದುಕು ಹೆಕ್ಟೇರಿನಲ್ಲಿ ಅಳೆಯುವಂಥದ್ದಲ್ಲ. ಆ ಹೆಕ್ಟೇರುಗಳು ಎಲ್ಲಿ ಬರುತ್ತವೆ ಎನ್ನುವುದೇ ಪ್ರಶ್ನೆ. ಕಾಡಿನ ಮೂಲೆಯಲ್ಲಿ ಒಂದೇ ಕಡೆ 50 ಹೆಕ್ಟೇರ್ ಹೋದರೆ ಒಂದು ಬಗೆ. ಅದೇ 50 ಹೆಕ್ಟೇರ್ ಉದ್ದಕ್ಕೆ ರಸ್ತೆಯಾಗಿ, ಮಣ್ಣು ಸುರಿಯುವ ಜಾಗವಾಗಿ, ಸುರಂಗದ ಬಾಯಿಯಾಗಿ ಕಣಿವೆಯ ಇಳಿಜಾರಿನ ಮೇಲೆ ಹರಡಿದರೆ ಬೇರೆಯೇ ಬಗೆ. ಕಡಿಯಬೇಕಾದ ಮರ 15,000ಕ್ಕೂ ಹೆಚ್ಚು ಎಂದು ಲೆಕ್ಕ ಕೊಟ್ಟಿದ್ದಾರೆ. ಆ ಮರಗಳ ಜೊತೆ ಎಷ್ಟು ಕೊಂಬೆಯ ಸೇತುವೆಗಳು ಹೋಗುತ್ತವೆ? ಯಾವ ಗುಂಪು ಯಾವ ಗುಂಪಿನಿಂದ ಬೇರೆಯಾಗುತ್ತದೆ? ಈ ಲೆಕ್ಕವನ್ನು ಮೊದಲು ಮಾಡಬೇಕಿತ್ತು. ಶರಾವತಿಯಲ್ಲಿ ಇದು ಮೊದಲ ಗಾಯವೂ ಅಲ್ಲ. ಗೇರುಸೊಪ್ಪೆಯ ಅಣೆಕಟ್ಟು ಬಂದಾಗ ಕಣಿವೆಯ ತಳದ ಕಾಡು ಮುಳುಗಿತು, ಹೊಳೆಯ ಎರಡು ದಡ ಇನ್ನಷ್ಟು ದೂರವಾದವು. ಉಳಿದ ಇಳಿಜಾರೇ ಈಗ ಸಿಂಗಳೀಕಗಳ ದಾರಿ.

ಬದಲಿಗೆ ಬೇರೆ ಕಡೆ ಗಿಡ ನೆಡುತ್ತೇವೆ ಎನ್ನುತ್ತಾರೆ. ನೂರು ವರ್ಷದ ಕಾಡು ಕಡಿದು ಬಯಲುಸೀಮೆಯಲ್ಲಿ ಸಸಿ ನೆಟ್ಟರೆ ಅಲ್ಲಿಗೆ ಒಳ್ಳೆಯದಾಗಬಹುದು, ಕತ್ತಲೆಕಾನಿನ ಗಂಡು ಸಿಂಗಳೀಕಕ್ಕೆ ಅಲ್ಲಿಗೆ ಹೋಗಿ ಕೊಂಬೆ ಹಿಡಿಯಲಾಗುತ್ತದಾ? 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಯೋಜನೆಗೆ ತಾತ್ವಿಕ ಒಪ್ಪಿಗೆ ಕೊಟ್ಟ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹೊನ್ನಾವರ, ಸಾಗರ, ಸಿದ್ದಾಪುರದ ಜನ, ಮಠದ ಸ್ವಾಮಿಗಳು, ಮೀನುಗಾರರು, ವಿಜ್ಞಾನಿಗಳು ಒಟ್ಟಾಗಿ ದನಿ ಎತ್ತಿದ್ದು ಸ್ವಲ್ಪ ಧೈರ್ಯ ಕೊಟ್ಟಿದೆ.

ಸಿಂಗಳೀಕದ ಹೆಸರಿನಲ್ಲಿ ಒಂದು ಅಣೆಕಟ್ಟಿನ ಯೋಜನೆಯೇ ನಿಂತುಹೋದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ಹೊಳೆಗೆ ಜಲವಿದ್ಯುತ್ ಯೋಜನೆ ಬರುವುದಿತ್ತು. 1970ರ ದಶಕದಲ್ಲಿ ಶಾಲಾ ಮೇಷ್ಟ್ರುಗಳು, ಕವಿಗಳು, ವಿಜ್ಞಾನ ಪ್ರಚಾರ ಮಾಡುವ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಊರೂರು ತಿರುಗಿ ಮಾತಾಡಿದರು. ಮಂಗ ಮುಖ್ಯವೋ ಮನುಷ್ಯ ಮುಖ್ಯವೋ ಎಂಬ ಪ್ರಶ್ನೆ ಆಗಲೂ ಬಂದಿತ್ತು. ಕೊನೆಗೆ ಯೋಜನೆ ಕೈಬಿಟ್ಟರು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇವತ್ತು ಕೇರಳದಲ್ಲಿ ಯಾರೂ ಆ ಅಣೆಕಟ್ಟು ಕಟ್ಟಬೇಕಿತ್ತು ಅಂತ ಕೊರಗುತ್ತಿರುವುದನ್ನು ನಾನು ಕೇಳಿಲ್ಲ.

ಕಾಡು ತುಂಡಾದರೆ ಏನಾಗುತ್ತದೆ ಅಂತ ನೋಡಲು ತಮಿಳುನಾಡಿನ ವಾಲ್ಪಾರೈಗೆ ಹೋಗಬೇಕು. ನೂರು ಚಿಲ್ಲರೆ ವರ್ಷದ ಹಿಂದೆ ಬ್ರಿಟಿಷರು ಚಹಾ, ಕಾಫಿ ಹಾಕಲು ಮಳೆಕಾಡು ಬೋಳಿಸಿದ ಜಾಗ ಅದು. ಚಹಾ ತೋಟಗಳ ನಡುವೆ ಪುದುತೋಟಂ ಎಂಬಲ್ಲಿ 100 ಹೆಕ್ಟೇರೂ ಇಲ್ಲದ ಕಾಡಿನ ಚೂರು ಉಳಿದಿದೆ. ಅಲ್ಲಿನ ಸಿಂಗಳೀಕಗಳಿಗೆ ಹೋಗಲು ಬೇರೆ ಜಾಗವಿಲ್ಲ. ಮೇಲಿನ ಆಹಾರ ಸಾಲದೆ ಅವು ನೆಲಕ್ಕೆ ಇಳಿದವು. ರಸ್ತೆ ದಾಟಲು ಕಲಿತವು, ವಾಹನಕ್ಕೆ ಸಿಕ್ಕಿ ಸತ್ತವು. ಮನೆಯ ಮಾಡು ಹತ್ತಿ ಅಡುಗೆಮನೆಗೆ ಇಳಿದವು. ಯಾರ ತಂಟೆಗೂ ಹೋಗದಿದ್ದ ಪ್ರಾಣಿಯನ್ನು ನಾವೇ ತಂಟೆಯ ಮಂಗ ಮಾಡಿದೆವು.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಅಲ್ಲಿ ಮಾಡಿದ ಕೆಲಸ ನೋಡಿ ನನಗೆ ತುಂಬ ಸಂತೋಷವಾಗಿದೆ. ರಸ್ತೆಯ ಈ ಬದಿಯ ಮರದಿಂದ ಆ ಬದಿಯ ಮರಕ್ಕೆ ತೂಗುಸೇತುವೆ ಕಟ್ಟಿದರು. ಬೆಂಕಿ ಆರಿಸುವ ನೀರಿನ ಪೈಪಿನ ಪಟ್ಟಿಯಂಥ ಗಟ್ಟಿ ಸಾಮಾನಿನಿಂದ. ಶುರುವಿನಲ್ಲಿ ಸಿಂಗಳೀಕಗಳು ಅನುಮಾನ ಪಟ್ಟವು, ಆಮೇಲೆ ಮರಿ ಎತ್ತಿಕೊಂಡು ಅದರ ಮೇಲೆಯೇ ಓಡಾಡತೊಡಗಿದವು. ರಸ್ತೆಯಲ್ಲಿ ಕಾವಲುಗಾರರನ್ನು ನಿಲ್ಲಿಸಿದರು, ಅವರು ಗಾಡಿ ನಿಧಾನ ಮಾಡಿಸುತ್ತಾರೆ, ತಿಂಡಿ ಎಸೆಯುವವರನ್ನು ತಡೆಯುತ್ತಾರೆ. ತೋಟದ ಕಂಪನಿಗಳನ್ನು ಒಪ್ಪಿಸಿ ಹಾಳುಬಿದ್ದ ಕಾಡಿನ ಚೂರುಗಳಲ್ಲಿ ಅಲ್ಲಿಯದೇ ಜಾತಿಯ ಮರಗಳನ್ನು ಮತ್ತೆ ಬೆಳೆಸುತ್ತಿದ್ದಾರೆ. ಸೇತುವೆ ಇದ್ದರೆ ಆಯಿತಲ್ಲ, ಎಷ್ಟು ರಸ್ತೆಯಾದರೂ ಮಾಡಬಹುದು ಅಂತ ಮಾತ್ರ ತಿಳಿಯಬಾರದು. ಸೇತುವೆ ಕೈಮೀರಿದ ಮೇಲಿನ ಉಪಾಯ. ಮರ ಇರುವಾಗಲೇ ಉಳಿಸಿಕೊಳ್ಳುವುದಕ್ಕೆ ಅದು ಸಾಟಿಯಲ್ಲ.

ತಿಂಡಿ ಎಸೆಯುವ ಚಟ ನಮ್ಮಲ್ಲೂ ಶುರುವಾಗಿದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ಸಿಂಗಳೀಕಕ್ಕೆ ಚಿಪ್ಸ್, ಬಿಸ್ಕೆಟ್ ಕೊಟ್ಟು ಫೋಟೋ ತೆಗೆದುಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪಾಪ, ಹಸಿದಿರಬೇಕು ಎನ್ನುತ್ತಾರೆ. ಅವಕ್ಕೆ ಹಸಿವಿಗೆ ಕಾಡಿದೆ. ಒಮ್ಮೆ ಮರಿ ರಸ್ತೆಯ ಬದಿಗೆ ಬಂದು ಬಿಸ್ಕೆಟ್ ರುಚಿ ಹತ್ತಿಸಿಕೊಂಡರೆ ಜೀವನಪೂರ್ತಿ ಅಲ್ಲಿಗೇ ಬರುತ್ತದೆ. ಘಾಟಿಯ ತಿರುವಿನಲ್ಲಿ ಬರುವ ಬಸ್ಸಿಗೆ ಅದು ಕಾಣುವುದಿಲ್ಲ. ಮನುಷ್ಯರ ರೋಗವೂ ಅದಕ್ಕೆ ಅಂಟುತ್ತದೆ. ದಯವಿಟ್ಟು, ಆ ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಬೇಡಿ. ಜೊತೆಗಿರುವವರು ಎಸೆಯಲು ಹೋದರೆ ತಡೆಯಿರಿ, ಅವರು ನಿಮ್ಮ ಅತ್ತಿಗೆಯೇ ಆಗಿರಲಿ, ಬಾಸೇ ಆಗಿರಲಿ.

ಈ ಮಳೆಗಾಲಕ್ಕೆ ನಮ್ಮ ಊರಿನ ಕೆಲವರು ಸೇರಿ ಒಂದು ಸಣ್ಣ ಕೆಲಸ ಹಿಡಿದಿದ್ದೇವೆ. ಎರಡು ಕಾನುಗಳ ನಡುವಿನ ಬೆಟ್ಟದ ಒಂದು ಪಟ್ಟಿ. ಅಲ್ಲಿ ಸೊಪ್ಪು ಕಡಿಯುವುದನ್ನು ಮೂರು ಮನೆಯವರು ನಿಲ್ಲಿಸಿದ್ದಾರೆ. ನಡುವಿನ ಖಾಲಿ ಜಾಗಕ್ಕೆ ಸಸಿ ಬೇಕು. ಅಕೇಶಿಯಾ ಬೇಡ, ಅದರಲ್ಲಿ ಸಿಂಗಳೀಕಕ್ಕೆ ತಿನ್ನಲು ಏನೂ ಇಲ್ಲ. ತಗ್ಗಿಗೆ ರಾಂಪತ್ರೆ, ರಕ್ತಮರ. ಮೇಲಕ್ಕೆ ಹೆಬ್ಬಲಸು, ನೇರಳೆ, ಉಪ್ಪಾಗೆ, ಬೈನೆ. ಬೇಗ ನೆರಳು ಕೊಡಲಿ ಅಂತ ಅಲ್ಲಲ್ಲಿ ಅತ್ತಿ. ರಾಂಪತ್ರೆಯ ಬೀಜ ಕೂಡಿಟ್ಟರೆ ಹಾಳು. ಒಣಗಿದರೆ ಮೊಳೆಯುವುದಿಲ್ಲ, ಬಿದ್ದ ಕೆಲವೇ ದಿನಗಳಲ್ಲಿ ಹಸಿ ಮಣ್ಣಿಗೆ ಹಾಕಬೇಕು. ಹಾಗಾಗಿ ಬೀಜ ಆರಿಸುವವರು, ಚೀಲಕ್ಕೆ ಮಣ್ಣು ತುಂಬುವವರು ಒಂದೇ ಹೊತ್ತಿಗೆ ಬೇಕು. ಬೀಜದ ಮೇಲಿನ ಪತ್ರೆ ಬಿಡಿಸಿ ಮಾರುವವರು ಬೀಜವನ್ನು ಮನೆಯ ಹಿಂದೆ ರಾಶಿ ಹಾಕಿರುತ್ತಾರೆ. ಅದನ್ನು ಬಿಸಾಡದೆ ನಮಗೆ ಕೊಡಿ ಅಂತ ಸುತ್ತಲಿನ ಮನೆಗಳಿಗೆ ಹೇಳಿ ಬಂದಿದ್ದೇವೆ. ಉಪ್ಪಾಗೆ ಕೊಯ್ಯುವ ಆ ಅಜ್ಜನೇ ಯಾವ ಮರದ ಬೀಜ ಜೋರು, ಎಲ್ಲಿ ನೆಟ್ಟರೆ ಬದುಕುತ್ತದೆ ಅಂತ ತೋರಿಸುತ್ತಿದ್ದಾರೆ. ಕೊಯ್ಲಿನ ದಿನ ನಿಗದಿ ಮಾಡುವ ಮಾತನ್ನು ಮುಂದಿನ ಅರಣ್ಯ ಸಮಿತಿ ಸಭೆಯಲ್ಲಿ ಅವರೇ ಎತ್ತುತ್ತಾರಂತೆ.